ಫಾರ್ಮ್ಯಾಟ್ ಹೊಡೆಸೋದಕ್ಕೆ ಮುಂಚೆ ಸ್ವಲ್ಪ ತಡೀರಿ...

ನಮ್ಮ ಕಡೆ ಕಂಪ್ಯೂಟರ್ ರಿಪೇರಿ ಅಂದರೆ ಒಂದೇ ಔಷಧಿ. ವೈರಸ್ ಬಂತಾ? ಫಾರ್ಮ್ಯಾಟ್ ಹೊಡಿ. ಸ್ಲೋ ಆಯ್ತಾ? ಫಾರ್ಮ್ಯಾಟ್ ಹೊಡಿ. ಶುರುವೇ ಆಗ್ತಾ ಇಲ್ವಾ? ಹಾಗಾದ್ರೆ ಖಂಡಿತ ಫಾರ್ಮ್ಯಾಟ್ ಹೊಡೀಲೇಬೇಕು! ಹಿಂದೆ ಮನೆಯಲ್ಲಿ ಅಜ್ಜಿ ಎಲ್ಲ ಜ್ವರಕ್ಕೂ ಕಿರಾತಕಡ್ಡಿ ಕಷಾಯ ಕುಡಿಸುತ್ತಿದ್ದರಲ್ಲ, ಹಾಗೆ. ಆದರೆ ಒಂದು ವ್ಯತ್ಯಾಸ ಇದೆ. ಕಷಾಯ ಕುಡಿದ ಮನುಷ್ಯ ತನ್ನ ಹಿಂದಿನದನ್ನೆಲ್ಲ ಮರೆತುಬಿಡುತ್ತಿರಲಿಲ್ಲ.

ಈ ವಿಷಯದಲ್ಲಿ ನನಗೆ ಮೊದಲಿಂದಲೂ ಸಿಟ್ಟಿತ್ತು. ಕಳೆದ ಮಳೆಗಾಲದಲ್ಲಿ ಅದು ನನ್ನ ಬುಡಕ್ಕೇ ಬಂತು. ಅದಕ್ಕೇ ಇಷ್ಟುದ್ದ ಬರೀತಾ ಇದ್ದೀನಿ, ಬೈಕೋಬೇಡಿ.

ಊರಿಂದ ಅಪ್ಪಯ್ಯನ ಫೋನು. "ಕಂಪ್ಯೂಟರ್ ಹೋಯ್ತು ಕಾಣ್ತದೆ ಮಾರಾಯ. ಕರೀ ಪರದೆ ಮೇಲೆ ಎಂಥದೋ ಬಿಳಿ ಅಕ್ಷರ ಬಂದು ನಿಂತ್ಕಳ್ತದೆ" ಅಂದರು. ಹಿಂದಿನ ರಾತ್ರಿ ಸಿಡಿಲು, ಕರೆಂಟು ನಾಲ್ಕೈದು ಸಲ ಹೋಗಿ ಬಂದಿದೆ. ಯು.ಪಿ.ಎಸ್. ಬ್ಯಾಟರಿ ಸತ್ತು ಎರಡು ವರ್ಷ ಆಗಿತ್ತು. ಬದಲಾಯಿಸಬೇಕು ಅಂತ ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತಿದ್ದವನು ನಾನೇ.

ಅದು 2009ರಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ ಡೆಸ್ಕ್‌ಟಾಪು. 320 ಜಿ.ಬಿ. ಹಾರ್ಡ್ ಡಿಸ್ಕು. ಮೊದಲು ವಿಂಡೋಸ್ ಎಕ್ಸ್‌ಪಿ ಇತ್ತು, ಆಮೇಲೆ ವಿಂಡೋಸ್ 7 ಆಯಿತು, ಅಲ್ಲಿಗೇ ನಿಂತಿತು. ಅದರ ಬೆಂಬಲವನ್ನು ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ನಿಲ್ಲಿಸಿತು ಅನ್ನೋದು ಅಪ್ಪಯ್ಯನಿಗೆ ಗೊತ್ತೂ ಇಲ್ಲ, ಬೇಕಾಗೂ ಇಲ್ಲ. ಅವರಿಗೆ ಬೇಕಾಗಿದ್ದು ನುಡಿ ಒಂದೇ. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾ, ಊರಿನ ಬಗ್ಗೆ ತಮಗೆ ಗೊತ್ತಿದ್ದದ್ದನ್ನೆಲ್ಲ ಬರೆದಿಟ್ಟಿದ್ದರು. ಯಾವ ಗದ್ದೆಗೆ ಯಾವ ಹೆಸರು, ಕೆರೆ ಹೂಳೆತ್ತಿದ್ದು ಯಾವಾಗ, ಶಾಲೆ ಕಟ್ಟಲು ಮರ ಕೊಟ್ಟವರು ಯಾರು, ಯಾವ ಮನೆಯವರು ಯಾವ ಊರಿಂದ ಬಂದು ನೆಲೆಸಿದರು... ಒಟ್ಟು ನಲವತ್ತಮೂರು ಫೈಲು. ಮೂರು ವರ್ಷದಿಂದ ಕಣ್ಣು ಸರಿ ಕಾಣೋದಿಲ್ಲ. ಅಂದರೆ ಅದನ್ನು ಮತ್ತೆ ಟೈಪ್ ಮಾಡುವುದು ಆಗದ ಮಾತು.

ಕಾಪಿ? ಇರಲಿಲ್ಲ. ಕಂಪ್ಯೂಟರ್ ಬಗ್ಗೆ ಊರಿಗೆಲ್ಲ ಉಪದೇಶ ಮಾಡೋ ಮಗ ಇದ್ದಾನಲ್ಲ, ಅವನು ಪ್ರತಿ ಸಲ ಊರಿಗೆ ಹೋದಾಗ ಹಲಸಿನ ಹಪ್ಪಳ ತುಂಬಿಸಿಕೊಂಡು ಬಂದನೇ ಹೊರತು ಒಂದು ಪೆನ್‌ಡ್ರೈವ್ ಚುಚ್ಚಲಿಲ್ಲ.

ನಾನು ಹೊರಡುವಷ್ಟರಲ್ಲಿ ಚಿಕ್ಕಪ್ಪನ ಮಗ ಸಿ.ಪಿ.ಯು. ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ಪೇಟೆಯ ಅಂಗಡಿಗೆ ಒಯ್ದಾಗಿತ್ತು. ಅಲ್ಲಿಂದ ಫೋನು ಬಂತು. "ಸಾರ್, ಡಿಸ್ಕ್ ವೀಕ್ ಆಗಿದೆ. ಒಂದ್ಸಲ ಫಾರ್ಮ್ಯಾಟ್ ಹೊಡೆದು ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಹೊಸದು ಹಾಕೋಣ. ಡೇಟಾ ಏನಾದ್ರೂ ಬೇಕಿತ್ತಾ ಸಾರ್?"

ಆ ಕೊನೇ ಪ್ರಶ್ನೆ ನೋಡಿ! ಆಪರೇಷನ್ ಟೇಬಲ್ ಮೇಲೆ ಮಲಗಿಸಿದ ಮೇಲೆ "ಕಾಲು ಏನಾದ್ರೂ ಬೇಕಿತ್ತಾ ಸಾರ್?" ಅಂತ ಕೇಳಿದ ಹಾಗೆ. ಏನೂ ಮುಟ್ಟಬೇಡಿ ಅಂತ ಬಸ್ಸಲ್ಲೇ ಕೂಗಿದೆ, ಪಕ್ಕದವರು ಬೆಚ್ಚಿಬಿದ್ದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಹೇಳಲೇಬೇಕು. ಒಂದು ಫಾರ್ಮ್ಯಾಟಿಗೆ ಅವನಿಗೆ ಸಿಗೋದು ಕೆಲವು ನೂರು ರೂಪಾಯಿ. ಸಾಯ್ತಾ ಇರೋ ಡಿಸ್ಕಿನ ಮುಂದೆ ಒಂದಿಡೀ ದಿನ ಕೂತು ಫೈಲು ಎತ್ತಿಕೊಡು ಅಂದರೆ, ಆ ದಿನದ ಕೂಲಿ ಕೊಡೋಕೆ ನಾವ್ಯಾರೂ ತಯಾರಿಲ್ಲ. ಕಂಪ್ಯೂಟರ್ ಬೇಗ ಆನ್ ಆಗಬೇಕು, ಅಷ್ಟೇ ನಾವು ಕೇಳೋದು. ಅವನು ಅದನ್ನೇ ಮಾಡಿಕೊಡ್ತಾನೆ. ನನ್ನ ತಕರಾರು ಇರೋದು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಒಂದು ತಪ್ಪು ತಿಳುವಳಿಕೆಯ ಬಗ್ಗೆ. ವಿಂಡೋಸ್ ಶುರುವಾಗಲಿಲ್ಲ ಅಂದರೆ ಒಳಗಿದ್ದದ್ದೂ ಹೋಯಿತು ಅನ್ನೋದು.

ಅಡುಗೆ ಭಟ್ಟರು ಬರಲಿಲ್ಲ ಅಂತ ಉಗ್ರಾಣದ ಅಕ್ಕಿ ಚೆಲ್ಲುತ್ತೇವೆಯೇ? ಬೇರೆ ಭಟ್ಟರನ್ನು ಕರೆಸುತ್ತೇವೆ. ವಿಂಡೋಸ್ ಅನ್ನೋದು ಭಟ್ಟರು, ನಿಮ್ಮ ಫೈಲುಗಳು ಉಗ್ರಾಣ. ಲಿನಕ್ಸ್ ಅನ್ನೋ ಇನ್ನೊಬ್ಬ ಭಟ್ಟರಿದ್ದಾರೆ, ಅವರು ತಮ್ಮ ಪಾತ್ರೆ ಪಗಡ ಎಲ್ಲ ಪೆನ್‌ಡ್ರೈವಿನಲ್ಲೇ ಕಟ್ಟಿಕೊಂಡು ಬರುತ್ತಾರೆ. ನಿಮ್ಮ ಅಡುಗೆಮನೆಯ ಒಂದು ಸೌಟನ್ನೂ ಮುಟ್ಟದೆ ಉಗ್ರಾಣದ ಬಾಗಿಲು ತೆಗೆದುಕೊಡುತ್ತಾರೆ.

ಇದೇನೂ ಹೊಸ ವಿದ್ಯೆಯಲ್ಲ. 2000ದಲ್ಲೇ ಜರ್ಮನಿಯ ಕ್ಲಾಸ್ ನಾಪರ್ ಅನ್ನುವವರು ನಾಪಿಕ್ಸ್ ಎಂಬ ಲಿನಕ್ಸನ್ನು ಬಿಟ್ಟರು. ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಸ್ಥಾಪಿಸದೆ, ಸಿ.ಡಿ.ಯಿಂದಲೇ ಪೂರ್ತಿ ಓಡುತ್ತಿತ್ತು. ನಮ್ಮಲ್ಲಿ ಹಲವರಿಗೆ ಇಂಥ ಸಿ.ಡಿ.ಗಳು ಸಿಕ್ಕಿದ್ದು 'ಲಿನಕ್ಸ್ ಫಾರ್ ಯೂ' ಪತ್ರಿಕೆಯ ಜೊತೆ. 2004ರಲ್ಲಿ ಉಬುಂಟು ಬಂದ ಮೇಲೆ ಕೇಳಿದವರಿಗೆಲ್ಲ ಪುಕ್ಕಟೆ ಸಿ.ಡಿ.ಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, 2011ರವರೆಗೂ. ನಾನೂ ತರಿಸಿಕೊಂಡು ಹಾಸ್ಟೆಲಿನಲ್ಲಿ ಹಂಚಿ ದೊಡ್ಡ ಮನುಷ್ಯನಾಗಿದ್ದೆ :-) ಆಗ ವಿಂಡೋಸಿನ ಎನ್‌ಟಿಎಫ್‌ಎಸ್ ವಿಭಾಗವನ್ನು ಲಿನಕ್ಸಿನಿಂದ ಓದಬಹುದಿತ್ತು, ಬರೆಯೋದು ಮಾತ್ರ ಅಪಾಯ ಅನ್ನುತ್ತಿದ್ದರು. 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಗಟ್ಟಿಯಾದ ಮೇಲೆ ಬರೆಯೋದೂ ಸಲೀಸಾಯಿತು. ಆದರೆ ಫೈಲು ಉಳಿಸಿಕೊಳ್ಳೋ ಕೆಲಸಕ್ಕೆ ಓದುವುದೊಂದು ಬಂದರೆ ಸಾಕು. ಬರೆಯಲೇಬಾರದು ಕೂಡ.

ಇರಲಿ, ಊರಿಗೆ ಬರೋಣ.

ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವ್ ಚುಚ್ಚಿ ಬೂಟ್ ಮೆನುವಿನಿಂದ ಅದನ್ನೇ ಆರಿಸಿದೆ. (ಎಫ್ 12 ಇರಬಹುದು, ಎಫ್ 10 ಇರಬಹುದು, ಬೋರ್ಡಿಗೊಂದು ಕೀಲಿ.) ಆ ಮುದಿ ಯಂತ್ರ ನಿಧಾನವಾಗಿ, ಆದರೆ ನೆಟ್ಟಗೆ ಎದ್ದು ನಿಂತಿತು. ಅಲ್ಲಿಗೆ ಒಂದು ವಿಷಯ ಖಾತ್ರಿಯಾಯಿತು, ಬೋರ್ಡು, ರ್‍ಯಾಮು ಎಲ್ಲ ಸರಿ ಇದೆ, ಕಾಯಿಲೆ ಡಿಸ್ಕಿಗೆ ಮಾತ್ರ. ಡಿ ಡ್ರೈವ್ ತಕ್ಷಣ ತೆರೆದುಕೊಂಡಿತು. ಅದರಲ್ಲಿ ಇದ್ದದ್ದು ಎರಡು ಯಕ್ಷಗಾನದ ವಿಡಿಯೋ, ಮತ್ತು ನಾನೇ ಹಾಕಿದ್ದ ಸಿನಿಮಾಗಳು. ಅಪ್ಪಯ್ಯನ ಬರಹ ಎಲ್ಲಿ? ನಮ್ಮವರೆಲ್ಲ ಇಡೋ ಜಾಗದಲ್ಲೇ, ಡೆಸ್ಕ್‌ಟಾಪಿನ ಮೇಲೆ! ಅಂದರೆ ಸಿ ಡ್ರೈವಿನಲ್ಲಿ. ಫಾರ್ಮ್ಯಾಟ್ ಹೊಡೆದರೆ ಮೊದಲು ಹೋಗೋ ಜಾಗ.

ಸಿ ಡ್ರೈವೂ ಕಾಣಿಸಿತು. ಫೋಲ್ಡರು ಸಿಕ್ಕಿತು. ಎಳೆದು ಕಾಪಿ ಮಾಡಲು ಹೋದೆ. ಹನ್ನೊಂದನೇ ಫೈಲಿಗೆ ನಿಂತುಹೋಯಿತು. 'ಇನ್‌ಪುಟ್ ಔಟ್‌ಪುಟ್ ಎರರ್'. ಇಲ್ಲಿ ಒಂದು ಮಾತು. ಹೀಗಾದಾಗ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಡಿಸ್ಕಿನ ಮೇಲೆ ಕೆಟ್ಟ ಸೆಕ್ಟರುಗಳಿದ್ದಾಗ ಅದನ್ನೇ ಓದಲು ಹೆಣಗಿ ಹೆಣಗಿ ಡಿಸ್ಕು ಇನ್ನಷ್ಟು ದಣಿಯುತ್ತೆ. ವಿಂಡೋಸಿನ 'ಚೆಕ್ ಡಿಸ್ಕ್' ಓಡಿಸೋದು ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಅದು ಸರಿ ಮಾಡುತ್ತೇನೆ ಅಂತ ಸಾಯೋ ಡಿಸ್ಕಿನ ಮೇಲೇ ಬರೆಯುತ್ತೆ. ಮಿಂಟಿನಲ್ಲಿರುವ 'ಡಿಸ್ಕ್ಸ್' ಎಂಬ ಸಲಕರಣೆಯಲ್ಲಿ 'ಸ್ಮಾರ್ಟ್' ವಿವರ ನೋಡಿದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ ಬರುತ್ತೆ. ಅಪ್ಪಯ್ಯನ ಡಿಸ್ಕಿನಲ್ಲಿ ಆ ಲೆಕ್ಕ ಸೊನ್ನೆಯ ಹತ್ತಿರವೂ ಇರಲಿಲ್ಲ.

ಡಬ್ಬ ಬಿಚ್ಚಿ, ನಾಲ್ಕು ತಿರುಪು ತೆಗೆದು, ಡಿಸ್ಕನ್ನೇ ಹೊರಗೆ ತಂದೆ. ಸಾಟಾದಿಂದ ಯು.ಎಸ್.ಬಿ.ಗೆ ಬರುವ ಕೇಬಲ್ಲು, ಅದರ ಅಡಾಪ್ಟರು ಹಾಕಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಡಿಡಿರೆಸ್ಕ್ಯೂ ಎಂಬ ಪುಟ್ಟ ತಂತ್ರಾಂಶ ಇದೆ, ಗ್ನೂ ಬಳಗದ್ದು, ಆಂಟೋನಿಯೋ ಡಿಯಾಜ್ ಡಿಯಾಜ್ ಬರೆದದ್ದು. ಅದರ ಬುದ್ಧಿವಂತಿಕೆ ಇಷ್ಟೇ. ಫೈಲುಗಳ ಗೊಡವೆಗೇ ಹೋಗದೆ ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಡಿಸ್ಕಿನಲ್ಲಿ ಒಂದೇ ದೊಡ್ಡ ಫೈಲಾಗಿ ತೆಗೆಯುತ್ತೆ. ಕೆಟ್ಟ ಜಾಗ ಸಿಕ್ಕಿದರೆ ಜಗಳವಾಡದೆ ಹಾರಿಕೊಂಡು ಮುಂದೆ ಹೋಗುತ್ತೆ, ಸುಲಭದ್ದನ್ನೆಲ್ಲ ಎತ್ತಿಕೊಂಡ ಮೇಲೆ ಕಷ್ಟದ ಜಾಗಕ್ಕೆ ವಾಪಸ್ಸು ಬರುತ್ತೆ. ಮಳೆಯಲ್ಲಿ ಮನೆ ಸೋರುವಾಗ ಮೊದಲು ಕೈಗೆ ಸಿಕ್ಕ ಪೆಟ್ಟಿಗೆಗಳನ್ನೆಲ್ಲ ಜಗಲಿಗೆ ತಂದು, ಆಮೇಲೆ ಅಟ್ಟ ಹತ್ತುತ್ತೇವಲ್ಲ, ಹಾಗೆ.

ಎಲ್ಲಿಯವರೆಗೆ ಬಂದೆ ಅನ್ನೋ ನಕ್ಷೆಯನ್ನೂ ಅದು ಬರೆದಿಟ್ಟುಕೊಳ್ಳುತ್ತೆ. ನಮ್ಮೂರಿನಂಥ ಕಡೆ ಇದು ಬಹಳ ಮುಖ್ಯ. ರಾತ್ರಿ ಒಂಬತ್ತಕ್ಕೆ ಹಚ್ಚಿದೆ, ಹನ್ನೊಂದೂವರೆಗೆ ಕರೆಂಟು ಹೋಯಿತು, ಡಿಸ್ಕಿನ ಅಡಾಪ್ಟರು ಆರಿತು. ಬಂದ ಮೇಲೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಬಿಟ್ಟಲ್ಲಿಂದಲೇ ಶುರುಮಾಡಿತು. ಆ ನಕ್ಷೆಯ ಫೈಲನ್ನು ಬಾಹ್ಯ ಡಿಸ್ಕಿನಲ್ಲೇ ಇಡಿ. ಪೆನ್‌ಡ್ರೈವಿಂದ ಓಡೋ ಲಿನಕ್ಸಿನ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಕರೆಂಟಿನ ಜೊತೆ ಅದೂ ಮಾಯ. ಇನ್ನೊಂದು ಎಡವಟ್ಟು, ಬಾಹ್ಯ ಡಿಸ್ಕು ಫ್ಯಾಟ್32 ರೂಪದಲ್ಲಿದ್ದರೆ ಒಂದು ಫೈಲು 4 ಜಿ.ಬಿ. ಮುಟ್ಟುತ್ತಿದ್ದಂತೆ ಕೈ ಎತ್ತುತ್ತೆ. ಎನ್‌ಟಿಎಫ್‌ಎಸ್ ಅಥವಾ ಇಎಕ್ಸ್‌ಟಿ4 ಇರಲಿ. ಯಾವುದು ಮೂಲ ಯಾವುದು ಗುರಿ ಅಂತ ಎರಡು ಸಲ ನೋಡಿ ಎಂಟರ್ ಒತ್ತಿ. ಎಸ್‌ಡಿಬಿ, ಎಸ್‌ಡಿಸಿ ಹೆಸರು ಅದಲುಬದಲಾದರೆ ನಿಮ್ಮನ್ನು ಕಾಯೋರು ಯಾರೂ ಇಲ್ಲ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಪ್ಪಯ್ಯ ಪಕ್ಕದಲ್ಲಿ ಬಂದು ಕೂತರು. "ಎಷ್ಟು ಬಂತಾ?" ಅಂದರು. ಒಂದು ಎಂ.ಬಿ.ಗೂ ಕಡಿಮೆ ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ಆ ಪಡಿಯಚ್ಚನ್ನು ಬಲ ಕ್ಲಿಕ್ ಮಾಡಿ 'ಡಿಸ್ಕ್ ಇಮೇಜ್ ಮೌಂಟರ್'ನಲ್ಲಿ ತೆರೆದರೆ ಓದಲು ಮಾತ್ರ ಅನುಮತಿ ಇರೋ ಡ್ರೈವಿನ ಹಾಗೆ ಕಾಣುತ್ತೆ. ನಲವತ್ತಮೂರೂ ಫೈಲು ಕಾಪಿಯಾದವು. ಗೆದ್ದೆ ಅಂದುಕೊಂಡು ಮೊದಲನೆಯದನ್ನು ತೆರೆದೆ...

ಬರೀ ಪೌಂಡು!

ಹೌದು, ಇಂಗ್ಲೆಂಡಿನ ದುಡ್ಡಿನ ಗುರುತು. ಅದರ ಪಕ್ಕ ಟೋಪಿ ಹಾಕಿದ, ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು. ಒಂದು ಕ್ಷಣ ಎದೆ ಧಸಕ್ ಅಂತು. ಫೈಲು ಒಳಗೇ ಕೊಳೆತಿದೆ ಅಂದುಕೊಂಡೆ. ನಿಮ್ಮಲ್ಲಿ ಹಳಬರಿಗೆ ಇಷ್ಟರಲ್ಲೇ ಅರ್ಥವಾಗಿರುತ್ತೆ :-) ಅದು ಕೊಳೆತದ್ದಲ್ಲ, ನುಡಿ. ಆಗಿನ ನುಡಿ, ಬರಹ, ಶ್ರೀಲಿಪಿ ಇವುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ನುಡಿಯಲ್ಲಿ ನ ಅಕ್ಷರ ಕೂತಿರೋದು ಪೌಂಡಿನ ಮನೆಯಲ್ಲಿ. ಹಾಗಾಗಿ ಅಪ್ಪಯ್ಯ 'ನಾನು' ಅಂತ ಬರೆದಲ್ಲೆಲ್ಲ ಎರಡೆರಡು ಪೌಂಡು.

ಪರಿಹಾರ ಸತ್ತ ಡಿಸ್ಕಿನ ಒಳಗೇ ಇತ್ತು. ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ ನುಡಿಯ ಫಾಂಟುಗಳು ಹಾಗೇ ಕೂತಿದ್ದವು. ಅವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಲಿಬ್ರೆ ಆಫೀಸ್ ಮತ್ತೆ ತೆರೆದರೆ ಪೌಂಡುಗಳೆಲ್ಲ ಕರಗಿ ಅಪ್ಪಯ್ಯನ ಮಾತು ಬಂತು. ಅವರಿಗೆ ಓದಿ ಹೇಳಿದೆ. "ಹ್ಞೂ, ಇದೇ" ಅಂದರು, ಎದ್ದು ಹಟ್ಟಿ ಕಡೆ ಹೋದರು.

ನನಗೆ ಆವತ್ತು ಹೊಳೆದದ್ದು ಇದು. ನಾವು ಹಾರ್ಡ್ ಡಿಸ್ಕ್ ಸಾಯೋದಕ್ಕೆ ಹೆದರುತ್ತೇವೆ, ಆದರೆ ಕನ್ನಡದವರ ಹಳೇ ಬರಹ ಡಿಸ್ಕು ಚೆನ್ನಾಗಿದ್ದರೂ ಸಾಯಬಹುದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದರೂ ಪೇಜ್‌ಮೇಕರಿನಲ್ಲಿ ಯೂನಿಕೋಡ್ ನಡೆಯದೆ ಅಚ್ಚಿನ ಮನೆಗಳೆಲ್ಲ ಹಳೇ ಫಾಂಟಿನಲ್ಲೇ ಉಳಿದವು, ಅವರಿಗೆ ಬರೆದುಕೊಡೋರೂ ಅದರಲ್ಲೇ ಉಳಿದರು. ಮನೆಮನೆಯಲ್ಲಿ ಎಷ್ಟು ಅಪ್ಪಯ್ಯಂದಿರ, ಅಕ್ಕಂದಿರ ಬರಹ ಪೌಂಡುಗಳಾಗಿ ಮಲಗಿದೆಯೋ! ಇನ್ನು ಸ್ವಲ್ಪ ವರ್ಷ ಕಳೆದರೆ ಆ ಫೈಲು ತೆರೆದ ಮೊಮ್ಮಗು 'ಕರಪ್ಟ್ ಆಗಿದೆ' ಅಂತ ಅಳಿಸಿಹಾಕುತ್ತೆ. ನಾನೇ ಹಾಗಂದುಕೊಂಡೆನಲ್ಲ! ಹಾಗಾಗಿ ಫೈಲು ಎತ್ತಿದರೆ ಕೆಲಸ ಅರ್ಧ ಆದಂತೆ, ಯೂನಿಕೋಡಿಗೆ ತಿರುಗಿಸಿದ ಮೇಲೇ ಪೂರ್ತಿ ಅನ್ನೋದು ನನ್ನ ವಾದ. ಬರಹ ತಂತ್ರಾಂಶದಲ್ಲೇ ಪರಿವರ್ತಕ ಇದೆ, ನುಡಿಯಲ್ಲೂ ಇದೆ. ಕಣ್ಣು ಮಾತ್ರ ತೆರೆದಿಟ್ಟುಕೊಂಡಿರಿ. ಅರ್ಕಾವೊತ್ತಿನಲ್ಲಿ ಇವು ಎಡವುತ್ತವೆ. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಬರುತ್ತೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ತಿರುಗಿಸದಿದ್ದರೆ ವರ್ಷ ಹೋಗಿ 'ವಷರ್' ಆಗುತ್ತೆ, ಕರ್ನಾಟಕ ಹೋಗಿ 'ಕನಾರ್ಟಕ'!

ಇಷ್ಟೆಲ್ಲ ಕೇಳಿ ಲಿನಕ್ಸ್ ಪೆನ್‌ಡ್ರೈವೊಂದು ಇದ್ದರೆ ಸಂಜೀವಿನಿ ಅಂದುಕೊಳ್ಳಬೇಡಿ. ಅಪ್ಪಯ್ಯನ ಡಿಸ್ಕು ಹಳೇ ಕಾಲದ್ದು ಅಂತ ಬಚಾವು. ಅದರಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಅದು ಒಳಗಿನ ಹೆಡ್ ಏಟು ತಿಂದಿರೋ ಲಕ್ಷಣ, ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಗೀಚಬಹುದು. ಅದಕ್ಕೆ ದುಬಾರಿಯಾದರೂ ಡೇಟಾ ರಿಕವರಿಯವರೇ ಗತಿ. (ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತೆ ಅನ್ನೋ ಮನೆಮದ್ದನ್ನು ದಯವಿಟ್ಟು ನಂಬಬೇಡಿ.) ಎಸ್‌ಎಸ್‌ಡಿಗಳು ಬೇರೆಯೇ ಜಾತಿ. ಹಳೇ ಡಿಸ್ಕಿನಲ್ಲಿ ಅಳಿಸಿದ ಫೋಟೋವನ್ನೂ ಫೋಟೋರೆಕ್‌ನಂಥ ತಂತ್ರಾಂಶದಿಂದ ಹೆಕ್ಕಬಹುದು, ಎಸ್‌ಎಸ್‌ಡಿಯಲ್ಲಿ 'ಟ್ರಿಮ್' ಅನ್ನೋ ವ್ಯವಸ್ಥೆ ಅಳಿಸಿದ ಜಾಗವನ್ನು ಗುಡಿಸಿ ಸಾರಿಸಿಬಿಡುತ್ತೆ. ಸಾಯುವಾಗಲೂ ಅವು ಸೂಚನೆ ಕೊಡದೆ ಒಂದೇ ಸಲ ಹೋಗೋದುಂಟು.

ಇನ್ನೊಂದು ಬೀಗದ ವಿಷಯ. ನಾನು ಅಪ್ಪಯ್ಯನ ಡಿಸ್ಕನ್ನು ತೆರೆದಾಗ ವಿಂಡೋಸಿನ ಪಾಸ್‌ವರ್ಡನ್ನು ಯಾರೂ ಕೇಳಲಿಲ್ಲ ಗಮನಿಸಿದಿರಾ? ಲಾಗಿನ್ ಪಾಸ್‌ವರ್ಡ್ ಅನ್ನೋದು ಭಟ್ಟರಿಗೆ ಹೇಳಿಟ್ಟ ಮಾತು, ಉಗ್ರಾಣಕ್ಕೆ ಹಾಕಿದ ಬೀಗವಲ್ಲ. ನನಗೆ ಅನುಕೂಲವಾದದ್ದು ಕಳ್ಳನಿಗೂ ಅನುಕೂಲವೇ. ಅದಕ್ಕೇ ಈಗ ಬಿಟ್‌ಲಾಕರ್ ಥರದ ನಿಜವಾದ ಬೀಗಗಳು ಬಂದಿವೆ. 2024ರ ವಿಂಡೋಸ್ 11 ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಈ ಬೀಗ ತಾನೇ ಬೀಳುತ್ತೆ, ಹೋಮ್ ಆವೃತ್ತಿಯಲ್ಲೂ. ಒಳ್ಳೆಯದೇ. ಆದರೆ ಲ್ಯಾಪ್‌ಟಾಪ್ ಕೆಟ್ಟ ದಿನ 48 ಅಂಕಿಯ ಕೀಲಿ ಕೇಳಿದರೆ ಎಷ್ಟು ಜನಕ್ಕೆ ಗೊತ್ತು? ಕೀಲಿ ಇದ್ದರೆ ಲಿನಕ್ಸಿನಿಂದಲೂ ತೆರೆಯಬಹುದು, ಇಲ್ಲದಿದ್ದರೆ ಯಾವ ಭಟ್ಟರೂ ಏನೂ ಮಾಡೋಕಾಗಲ್ಲ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತೆ, ಇವತ್ತೇ ನೋಡಿ ಒಂದು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಖಾತೆ ಮಾಡಿಕೊಟ್ಟವನು ಅಂಗಡಿಯ ಹುಡುಗನಾಗಿದ್ದರಂತೂ ಇನ್ನೂ ಬೇಗ ನೋಡಿ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೇ ಯಂತ್ರಗಳನ್ನು ಎಕ್ಸ್‌ಚೇಂಜಿಗೋ ಗುಜರಿಗೋ ಕೊಡೋರು ಕಾಣಸಿಗುತ್ತಿದ್ದಾರೆ. ಕೊಡೋದಕ್ಕೆ ಮುಂಚೆ ಒಂದು ಸಲ ಡೆಸ್ಕ್‌ಟಾಪಿನ ಮೇಲೆ ಯಾರ ಬರಹ ಇದೆ ನೋಡಿ, ಅಷ್ಟೇ ನಾನು ಕೇಳೋದು. ಮತ್ತೆ ಮನೆಯಲ್ಲಿ ಟಾರ್ಚಿನ ಪಕ್ಕ ಒಂದು ಲಿನಕ್ಸ್ ಪೆನ್‌ಡ್ರೈವ್ ಇರಲಿ. ಲಿನಕ್ಸಿಗೆ ಮತಾಂತರವಾಗಿ ಅಂತ ನಾನು ಹೇಳ್ತಾ ಇಲ್ಲ, ನಮ್ಮನೆಯವಳ ಲ್ಯಾಪ್‌ಟಾಪಿನಲ್ಲಿ ಇವತ್ತಿಗೂ ವಿಂಡೋಸೇ ಇರೋದು, ಆ ಜಗಳಕ್ಕೆ ನಾನಿಲ್ಲ.

ನಲವತ್ತಮೂರರಲ್ಲಿ ನಲವತ್ತೆರಡು ಪೂರ್ತಿ ಸಿಕ್ಕವು. ಆ ಹನ್ನೊಂದನೆಯದು, ಕೆರೆಯ ಬಗ್ಗೆ ಬರೆದದ್ದು, ಅರ್ಧಕ್ಕೆ ತುಂಡಾಗಿತ್ತು. ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮುಂದಿನ ಸಲ ಒಯ್ದೆ. ಅಪ್ಪಯ್ಯ ಭೂತಗನ್ನಡಿ ಹಿಡಿದು, ಕೆಂಪು ಶಾಯಿಯ ಪೆನ್ನಲ್ಲಿ ಎಲ್ಲ 'ವಷರ್'ಗಳನ್ನೂ ತಿದ್ದಿದರು. ಕೆರೆಯ ಪುಟಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು.

"ಇಷ್ಟೇಯಾ ಸಿಕ್ಕಿದ್ದು?"

"ಇಷ್ಟೇ ಅಪ್ಪಯ್ಯ."

"ಹೋಗ್ಲಿ ಬಿಡು. ನಾ ಹೇಳ್ತೆ, ನೀ ಬರ್ಕ" ಅಂದರು. ತೂಬು ಒಡೆದ ವರ್ಷದಿಂದ ಶುರುಮಾಡಿದರು. ನಡುವೆ ಕರೆಂಟು ಹೋಯಿತು, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು.